ಆರು ಜನ, ಎರಡು ಸಂಜೆ: ಶ್ರೀಲಂಕಾದಲ್ಲಿ ಕಾಡಾನೆ ನೋಡಲು ಜೀಪು ಗೊತ್ತು ಮಾಡಿದ್ದು

ನಮ್ಮಮ್ಮನ ತವರು ಹೆಗ್ಗಡದೇವನಕೋಟೆ ತಾಲ್ಲೂಕು. ಕಾಕನಕೋಟೆ ಕಾಡಿಗೆ ಹತ್ತಿರದ ಹಳ್ಳಿ. ರಾಗಿ ತೆನೆ ಬಲಿಯುವ ಹೊತ್ತಿಗೆ ಮನೆಯ ಗಂಡಸರೆಲ್ಲ ರಾತ್ರಿ ಹೊಲದ ಅಟ್ಟಣೆ ಮೇಲೆ ಮಲಗುತ್ತಿದ್ದರು. ಅಮ್ಮನಿಗೆ ಆನೆ ಅಂದರೆ ಸದ್ದು. ಬಿದಿರು ಮುರಿಯುವ ಸದ್ದು, ದೂರದಲ್ಲಿ ತಮಟೆ, ಆಮೇಲೆ ಕೂಗಾಟ. ಬೆಳಿಗ್ಗೆ ಎದ್ದು ನೋಡಿದರೆ ತುಳಿದು ಹಾಕಿದ ಹೊಲ. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ, ಅಂದರೆ ಹಿಂಡನ್ನು ಸುತ್ತುಗಟ್ಟಿ ಅಟ್ಟಿ ಕಾಡಾನೆ ಹಿಡಿಯುವುದು, ನಡೆದಾಗ ತಾತ, ಮಾವಂದಿರು ನೋಡೋಕೆ ಹೋಗಿದ್ದರು. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ.

ಎಪ್ಪತ್ತೆರಡು ತುಂಬಿದ ಮೇಲೆ ಅಮ್ಮ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಹಿಂಡನ್ನ ಒಂದ್ಸಲ ಹಗಲಲ್ಲಿ ನೋಡ್ಬೇಕು ಕಣೋ. ಹೆದರಿಕೆ ಇಲ್ದೆ, ಸುಮ್ನೆ ಕೂತ್ಕೊಂಡು."

ನಮ್ಮ ಇಡೀ ಪ್ರವಾಸ ಶುರುವಾಗಿದ್ದು ಈ ಒಂದು ಮಾತಿನಿಂದ. ಅದರಲ್ಲಿ ಒಂದು ಸಂಜೆ ಕೆಟ್ಟಿತು, ಇನ್ನೊಂದು ಸಂಜೆ ಕೂಡಿಬಂತು. ಎರಡೂ ಸಲ ಅದೇ ಊರು, ಅದೇ ತಿಂಗಳು, ಅದೇ ಆರು ಜನ. ಹಾಗಾದರೆ ಬದಲಾದದ್ದು ಏನು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು. ನಮ್ಮ ಹಾಗೆ ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊರಡುವವರು ಬಹಳ ಜನ ಇದ್ದಾರೆ.

ಕಬಿನಿ ಯಾಕೆ ಆಗಲಿಲ್ಲ

ನಾವು ಇರುವುದು ಮೈಸೂರಿನಲ್ಲಿ. ಕಬಿನಿ ಪಕ್ಕದಲ್ಲೇ ಇದೆ. ಎಲ್ಲರೂ ಕೇಳಿದ್ದು ಅದನ್ನೇ. ಆದರೆ ನಾಗರಹೊಳೆ, ಬಂಡೀಪುರದಲ್ಲಿ ನಾವೇ ಜೀಪು ಮಾಡಿಕೊಂಡು ಒಳಗೆ ಹೋಗುವ ಹಾಗಿಲ್ಲ. ಅರಣ್ಯ ಇಲಾಖೆಯದ್ದೋ ಜಂಗಲ್ ಲಾಡ್ಜಸ್‌ನದ್ದೋ ಗಾಡಿಯಲ್ಲಿ ಸೀಟು ಹಿಡಿಯಬೇಕು. ಅದು ಒಳ್ಳೆಯ ನಿಯಮ, ಕಾಡಿಗೆ ಅದರಿಂದ ಲಾಭವೇ ಆಗಿದೆ. ಆದರೆ ಆ ಗಾಡಿಯಲ್ಲಿ ಕೂತ ಉಳಿದವರು ಹುಲಿ ಹುಡುಕಿಕೊಂಡು ಬಂದಿರುತ್ತಾರೆ. "ಇಲ್ಲೇ ಒಂದು ಗಂಟೆ ನಿಲ್ಲಿಸಿ, ನಮ್ಮಮ್ಮ ಆನೆ ನೋಡಬೇಕು" ಅಂತ ಕೇಳುವುದಕ್ಕೆ ಆಗುವುದಿಲ್ಲ. ಕೇಳಬಾರದು ಕೂಡ.

ಶ್ರೀಲಂಕಾದಲ್ಲಿ ವ್ಯವಸ್ಥೆ ಬೇರೆ. ಜೀಪುಗಳು ಖಾಸಗಿಯವರವು. ಗೇಟಿನಲ್ಲಿ ವನ್ಯಜೀವಿ ಇಲಾಖೆಯ ಟಿಕೆಟ್ ತೆಗೆದುಕೊಂಡು, ನಾವು ಗೊತ್ತು ಮಾಡಿದ ಜೀಪಿನಲ್ಲೇ ಒಳಗೆ ಹೋಗಬಹುದು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇನ್ನೊಂದು ಮಾತು. ಕರ್ನಾಟಕದ ಮೂರನೇ ಒಂದು ಭಾಗದಷ್ಟು ಮಾತ್ರ ಇರುವ ಆ ದ್ವೀಪದಲ್ಲಿ 2011ರ ಎಣಿಕೆಯ ಪ್ರಕಾರ 5,879 ಆನೆಗಳಿದ್ದವು. ನಮ್ಮ ರಾಜ್ಯದ 2023ರ ಲೆಕ್ಕ 6,395. ಅಲ್ಲಿ ಆನೆ ಮತ್ತು ಜನ ಎಷ್ಟು ಒತ್ತೊತ್ತಾಗಿ ಬದುಕುತ್ತಿದ್ದಾರೆ ಅನ್ನುವುದಕ್ಕೆ ಈ ಎರಡು ಸಂಖ್ಯೆ ಸಾಕು.

ತಿಂಗಳ ಲೆಕ್ಕ

ಅಕ್ಕ ಮೊದಲು ಕೇಳಿದ್ದು ಏಪ್ರಿಲ್. ಮಕ್ಕಳಿಗೆ ಬೇಸಿಗೆ ರಜೆ, ಭಾವನಿಗೂ ಅನುಕೂಲ. ಕಬಿನಿ ಲೆಕ್ಕದಲ್ಲಿ ಅದು ಸರಿಯಾದ ಕಾಲವೇ. 1974ರಲ್ಲಿ ಬೀಚನಹಳ್ಳಿ ಅಣೆಕಟ್ಟು ಆದ ಮೇಲೆ ಅಲ್ಲಿ ಪ್ರತಿ ಬೇಸಿಗೆ ಹಿನ್ನೀರು ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಕಾಡೆಲ್ಲ ಒಣಗಿರುವಾಗ ಆನೆಗಳು ಆ ಹುಲ್ಲಿಗೆ ಬರುತ್ತವೆ.

ಶ್ರೀಲಂಕಾದ ಮಿನ್ನೇರಿಯ ಕೆರೆಯಲ್ಲೂ ಆಗುವುದು ಇದೇ. ಆದರೆ ತಿಂಗಳು ತಿರುವುಮುರುವು. ಆ ಸೀಮೆಗೆ ದೊಡ್ಡ ಮಳೆ ತರುವುದು ಈಶಾನ್ಯ ಮಾರುತ. ಅಕ್ಟೋಬರ್ ಹೊತ್ತಿಗೆ ಮೋಡ ಕಟ್ಟಿ ಜನವರಿವರೆಗೂ ಸುರಿಯುತ್ತದೆ. ನಮ್ಮಲ್ಲಿ ಮುಂಗಾರು ಹಿಡಿದು ಕಬಿನಿ ತುಂಬುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬಿಸಿಲು ಕಾಯುತ್ತಿರುತ್ತದೆ, ಕೆರೆ ಇಳಿಯುತ್ತಿರುತ್ತದೆ. ಆಗಸ್ಟ್, ಸೆಪ್ಟೆಂಬರ್ ಅಂದರೆ ಅದರ ತುತ್ತತುದಿ. ಒಳ್ಳೆಯ ವರ್ಷದಲ್ಲಿ ಒಂದೇ ಸಂಜೆ ಇನ್ನೂರು ಮುನ್ನೂರು ಆನೆ ಆ ಕೆರೆಯಂಗಳಕ್ಕೆ ಇಳಿಯುತ್ತವೆ. ಏಪ್ರಿಲ್‌ನಲ್ಲಿ ಹೋಗಿದ್ದರೆ ತುಂಬಿದ ಕೆರೆ ನೋಡಿಕೊಂಡು ಬರುತ್ತಿದ್ದೆವು.

ಅದಕ್ಕೆ ಆಗಸ್ಟ್ 15ರ ರಜೆಗೆ ಶನಿವಾರ, ಭಾನುವಾರ ಸೇರಿಸಿ, ಸೋಮವಾರ ಮಂಗಳವಾರ ಸ್ಕೂಲಿಗೆ ರಜೆ ಹಾಕಿಸಿದೆವು. ಅಕ್ಕನಿಗೆ ಇದು ಅಷ್ಟು ಇಷ್ಟ ಇರಲಿಲ್ಲ. ಸೋಮವಾರ ಯಾಕೆ ಬೇಕು ಅಂತ ಎರಡು ಸಲ ಕೇಳಿದಳು. ಆ ಸೋಮವಾರವೇ ಕೊನೆಗೆ ನಮ್ಮನ್ನು ಉಳಿಸಿತು.

ಮಿನ್ನೇರಿಯ ಕೆರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಇಂದು ನಿನ್ನೆಯದಲ್ಲ. 3ನೇ ಶತಮಾನದ ಕೊನೆಗೆ ಮಹಾಸೇನ ಎಂಬ ರಾಜ ಕಟ್ಟಿಸಿದ್ದು. ಸುಮಾರು 1,700 ವರ್ಷ ಹಳೆಯ ಆ ಕೆರೆ ಇವತ್ತಿಗೂ ನೀರು ಕೊಡುತ್ತಿದೆ. ಅಲ್ಲಿನ ರೈತರು ಆ ರಾಜನನ್ನೇ ಮಿನ್ನೇರಿಯ ದೇವರು ಅಂತ ಪೂಜೆ ಮಾಡುತ್ತಾರೆ. 1997ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಭತ್ತಕ್ಕೆ ಅಂತ ಕಟ್ಟಿದ ಕೆರೆ ಇವತ್ತು ಆನೆಯನ್ನೂ ಸಾಕುತ್ತಿದೆ. ಅಮ್ಮನಿಗೆ ಈ ವಿಷಯ ಹೇಳಿದಾಗ ಕೈ ಮುಗಿದರು.

ಶನಿವಾರ ಸಂಜೆ

ಮೊದಲ ಸಫಾರಿ ಭಾವ ಗೊತ್ತು ಮಾಡಿದ್ದು. ಊರಿಂದಲೇ ಒಬ್ಬ ಏಜೆಂಟ್ ಮೂಲಕ, ತಲೆಗೆ ಇಷ್ಟು ಅಂತ ಹಣ ಕಟ್ಟಿ, ಬೇರೆಯವರ ಜೊತೆ ಹಂಚಿಕೊಳ್ಳುವ ಜೀಪು. ಭಾವನನ್ನು ದೂರುವುದಿಲ್ಲ. ಹೆಚ್ಚಿನವರು ಮಾಡುವುದು ಹೀಗೆಯೇ.

ನಾವು ಉಳಿದುಕೊಂಡಿದ್ದು ಮಿನ್ನೇರಿಯಕ್ಕೆ ಹತ್ತಿರದ ಹಬರಣ ಎಂಬ ಊರಲ್ಲಿ. ಮಧ್ಯಾಹ್ನ ಮೂರೂವರೆಗೆ ಜೀಪು ಬಂತು. ಜೀಪು ಅಂದರೆ ಪಿಕಪ್ ಗಾಡಿ. ಹಿಂದೆ ಎತ್ತರಕ್ಕೆ ಸೀಟು ಕೂರಿಸಿ ಮೇಲೆ ಚಾವಣಿ ಹಾಕಿರುತ್ತಾರೆ. ಮುಂದಿನ ಸೀಟುಗಳಲ್ಲಿ ಆಗಲೇ ಜನ ಕೂತಿದ್ದರು. ಅಮ್ಮನಿಗೆ ಸಿಕ್ಕಿದ್ದು ಕಟ್ಟಕಡೆಯ ಸೀಟು, ಸರಿಯಾಗಿ ಹಿಂದಿನ ಚಕ್ರದ ಮೇಲೆ. ಅವರಿಗೆ ಬೆನ್ನು ನೋವು ಇದೆ. ಗೇಟು ದಾಟಿ ಹತ್ತು ನಿಮಿಷ ಆಗುವುದರೊಳಗೆ ಕಂಬಿ ಹಿಡಿದುಕೊಂಡು ಹಲ್ಲು ಕಚ್ಚಿ ಕೂತಿದ್ದರು.

ಕಾಡು ದಾಟಿ ಕೆರೆಯಂಗಳಕ್ಕೆ ಬಂದೆವು. ಆನೆ ಇದ್ದವು, ಇಪ್ಪತ್ತಕ್ಕೂ ಜಾಸ್ತಿ. ಜೀಪುಗಳೂ ಇದ್ದವು. ಅಕ್ಕನ ದೊಡ್ಡ ಮಗಳು ಎಣಿಸಿ ಮೂವತ್ತೊಂದು ಅಂದಳು. ಆ ದಿನ ನೀರು ಮೇಲೆ ಇತ್ತು. ನೀರಿಗೂ ಮರಗಳಿಗೂ ನಡುವೆ ಹುಲ್ಲಿನ ಪಟ್ಟಿ ತೀರಾ ಸಣ್ಣದು. ಅಷ್ಟೇ ಜಾಗದಲ್ಲಿ ಆನೆಗಳೂ ಜೀಪುಗಳೂ ಇರಬೇಕು. ಒಂದು ಜೀಪು ಮುಂದೆ ಹೋದರೆ ಹಿಂದಿನದು ಅದನ್ನು ದಾಟಿ ಇನ್ನೂ ಮುಂದೆ. ನಮ್ಮ ಚಾಲಕ ನಮ್ಮ ಕಡೆ ತಿರುಗಿ, ಹತ್ತಿರ, ಇನ್ನೂ ಹತ್ತಿರ ಅಂತ ನಗುತ್ತಾ ಕಾಡಿನ ಕಡೆಯಿಂದ ತಂದು ನಿಲ್ಲಿಸಿದ. ಆನೆಗಳಿಗೆ ಮರದ ಕಡೆಯ ದಾರಿ ಮುಚ್ಚಿತು.

ಹಿಂಡಿನ ಯಜಮಾನಿ ಮೇಯುವುದು ನಿಲ್ಲಿಸಿದಳು. ಸೊಂಡಿಲು ಎತ್ತಿ ಗಾಳಿ ಹಿಡಿದಳು. ಒಂದೊಂದೇ ಹೆಣ್ಣಾನೆ ಮರಿಗಳ ಸುತ್ತ ಒತ್ತಿಕೊಂಡು ನಿಂತಿತು. ಮರಿಗಳ ಕಾಲು ಮಾತ್ರ ಕಾಣುತ್ತಿತ್ತು. ಆಮೇಲೆ ಒಂದು ಆನೆ ಕಿವಿ ಅಗಲಿಸಿ, ನಮ್ಮ ಪಕ್ಕದ ಜೀಪಿನ ಕಡೆ ನಾಲ್ಕು ಹೆಜ್ಜೆ ನುಗ್ಗಿ ಬಂತು. ಆ ಜೀಪು ರಿವರ್ಸ್ ತೆಗೆದುಕೊಂಡಿತು. ಜನ ಕಿರುಚಿದರು, ಕೆಲವರು ಚಪ್ಪಾಳೆ ಹೊಡೆದರು. ನಮ್ಮ ಚಿಕ್ಕವನು, ಆರು ವರ್ಷದ ಹುಡುಗ, ಅಳೋಕೆ ಶುರು ಮಾಡಿದ.

ಅಮ್ಮ ಮೆಲ್ಲಗೆ ಹೇಳಿದರು: "ಖೆಡ್ಡಾ ಅಂದ್ರೆ ಹಿಂಗೇ ಇತ್ತೇನೋ ಕಣೋ."

ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ.

ಎಲ್ಲಿ ತಪ್ಪಾಯಿತು

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನನ್ನು ಇಷ್ಟು ದೂರ ಕರೆದುಕೊಂಡು ಬಂದು, ಅವರು ಬೇಡ ಅಂದಿದ್ದನ್ನೇ ತೋರಿಸಿದೆನಲ್ಲ ಅಂತ ಸಂಕಟ. ಭಾನುವಾರ ಸಿಗಿರಿಯ ಬಂಡೆಕೋಟೆ ನೋಡೋಕೆ ಅಕ್ಕ ಭಾವ ಮಕ್ಕಳು ಹೋದರು. ನಾನು ಅಮ್ಮನ ಜೊತೆ ಉಳಿದೆ. ಮನೆ ಮಾಲೀಕರ ಜೊತೆ, ಪಕ್ಕದ ಚಹಾ ಅಂಗಡಿಯವರ ಜೊತೆ, ಅಲ್ಲಿಗೆ ಬರುವ ಜೀಪಿನವರ ಜೊತೆ ಕೂತು ಮಾತಾಡಿದೆ. ನನಗೆ ತಿಳಿದುಬಂದದ್ದು ಎರಡು ವಿಷಯ.

ಮೊದಲನೆಯದು ನೀರು. ಮಿನ್ನೇರಿಯಕ್ಕೆ ನೀರು ಬರುವುದು ಅಂಬನ್ ಗಂಗೆಯಿಂದ, ಕಾಲುವೆ ಮೂಲಕ. ಅದೇ ಹೊಳೆಗೆ ಮೇಲ್ಗಡೆ ಮೊರಗಹಕಂದ ಎಂಬ ದೊಡ್ಡ ಅಣೆಕಟ್ಟು ಬಂದಿದೆ. 2018ರ ನಂತರ ಅಲ್ಲಿಂದ ಒಣ ತಿಂಗಳಲ್ಲೂ ನೀರು ಬಿಡುತ್ತಾರೆ. ರೈತರಿಗೆ ಅದು ಬೇಕು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಕೆರೆ ಇಳಿಯಬೇಕಾದ ಹೊತ್ತಲ್ಲಿ ಇಳಿಯದಿದ್ದರೆ ಹುಲ್ಲು ಮುಳುಗಿಯೇ ಇರುತ್ತದೆ. ಆಗ ಆನೆಗಳು ಬೇರೆ ಕಡೆ ಹೋಗುತ್ತವೆ, ಇಲ್ಲವೇ ಉಳಿದ ಚೂರು ಜಾಗದಲ್ಲಿ ಒತ್ತಿಕೊಳ್ಳುತ್ತವೆ. ಜೀಪುಗಳು ಮಾತ್ರ ಮಿನ್ನೇರಿಯ ಅನ್ನುವ ಹೆಸರಿಗೆ ಎಂದಿನ ಹಾಗೆ ಬರುತ್ತವೆ. ಅದೂ ಶನಿವಾರ, ಅಲ್ಲಿನ ಜನಕ್ಕೂ ರಜೆ.

ಎರಡನೆಯದು ಟಿಪ್ಸ್. ಚಹಾ ಅಂಗಡಿಯಲ್ಲಿ ಸಿಕ್ಕ ಒಬ್ಬ ಚಾಲಕ ಬಿಚ್ಚುಮನಸ್ಸಿನಿಂದ ಹೇಳಿದ. ದೂರ ನಿಂತರೆ ಬಂದವರು ಮುಖ ಊದಿಸಿಕೊಳ್ಳುತ್ತಾರೆ. ಹತ್ತಿರ ಹೋದರೆ ಫೋಟೋ ಸಿಗುತ್ತದೆ, ಇಳಿಯುವಾಗ ಕೈಗೆ ನೋಟು ಬರುತ್ತದೆ. ಜೀಪು ಸಾಲದ ಮೇಲೆ ತಂದದ್ದು, ಸಫಾರಿ ನಡೆಯುವುದು ವರ್ಷದ ಕೆಲವು ತಿಂಗಳು. ಅವನು ಆನೆಗೆ ಹಿಂಸೆ ಕೊಡಬೇಕು ಅಂತ ಹೋಗುವುದಿಲ್ಲ. ನಾವು ಏನು ಕೇಳುತ್ತೇವೆ ಅಂತ ಅವನು ಅಂದುಕೊಂಡಿದ್ದಾನೋ ಅದನ್ನು ಕೊಡುತ್ತಾನೆ. ನಾವೂ ಬಾಯಿಬಿಟ್ಟು ಬೇರೆ ಏನನ್ನೂ ಕೇಳಿರುವುದಿಲ್ಲ. ಹಂಚಿಕೊಂಡ ಜೀಪಿನಲ್ಲಿ ಕೇಳುವ ಹಕ್ಕೂ ಇರುವುದಿಲ್ಲ. ಒಬ್ಬರಿಗೆ ದೂರ ಬೇಕು, ಇನ್ನೊಬ್ಬರಿಗೆ ಹತ್ತಿರ ಬೇಕು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ಪೂರ್ತಿ ಜೀಪಿಗೆ ಹಣ ಕೊಡುವುದು ಆರಾಮಕ್ಕೆ ಅಂತ ಜನ ಅಂದುಕೊಳ್ಳುತ್ತಾರೆ. ಆರಾಮ ಸಿಗುತ್ತದೆ ನಿಜ. ಆದರೆ ಅದಕ್ಕಿಂತ ದೊಡ್ಡದು, "ಇಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಇನ್ನು ಮುಂದೆ ಹೋಗೋದು ಬೇಡ" ಅಂತ ಹೇಳುವ ಮಾತು ನಮ್ಮ ಕೈಗೆ ಬರುತ್ತದೆ. ಆ ಮಾತನ್ನು ಹೇಳದಿದ್ದರೆ ಪೂರ್ತಿ ಜೀಪು ಮಾಡಿಯೂ ಶನಿವಾರದ ಸಂಜೆಯೇ ಸಿಗುತ್ತದೆ.

ಭಾನುವಾರದ ತಯಾರಿ

ಟಿಪ್ಸ್ ವಿಷಯ ಬಿಚ್ಚಿ ಹೇಳಿದ ಆ ಚಾಲಕನನ್ನೇ ಸೋಮವಾರಕ್ಕೆ ಗೊತ್ತು ಮಾಡಿದೆ. ವಯಸ್ಸು ನಲವತ್ತರ ಆಸುಪಾಸು. ಸ್ವಲ್ಪ ಇಂಗ್ಲಿಷ್, ಸ್ವಲ್ಪ ತಮಿಳು ಬರುತ್ತಿತ್ತು. ಸಿಂಹಳದಲ್ಲಿ ಅಣ್ಣನಿಗೆ ಅಯ್ಯಾ ಅನ್ನುತ್ತಾರೆ, ಅಮ್ಮನಿಗೆ ಅಮ್ಮ ಅಂತಲೇ. ಅಮ್ಮನಿಗೆ ಅದು ಬಹಳ ಹಿಡಿಸಿತು.

ಅವನ ಹತ್ತಿರ ಮೊದಲು ಇತ್ಯರ್ಥ ಮಾಡಿಕೊಂಡದ್ದು ಯಾವ ಕಾಡು ಅನ್ನುವುದನ್ನಲ್ಲ, ಯಾವಾಗ ತೀರ್ಮಾನ ಮಾಡುವುದು ಅನ್ನುವುದನ್ನು. ಹಬರಣದ ಸುತ್ತ ಮೂರು ಜಾಗ ಇವೆ. ಮಿನ್ನೇರಿಯ, ಅದರಿಂದ ಆಚೆ ಕೌಡುಲ್ಲ, ಮತ್ತೆ ಹುರುಲು ಕಾಡು. ಮೂರರ ನಡುವೆಯೂ ಆನೆಗಳು ಓಡಾಡಿಕೊಂಡಿರುತ್ತವೆ. ಇವತ್ತು ಇಲ್ಲಿದ್ದ ಹಿಂಡು ನಾಳೆ ಅಲ್ಲಿ. ಅದಕ್ಕೆ ಜಾಗ ಬದಲಾದರೂ ಜೀಪಿನ ಬಾಡಿಗೆ ಬದಲಾಗಬಾರದು, ತೀರ್ಮಾನ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅಂತ ಮಾತಾಯಿತು. ಭಾನುವಾರ ಸಂಜೆ ಒಳಗೆ ಹೋಗಿ ಬಂದ ನಾಲ್ಕೈದು ಚಾಲಕರಿಗೆ ಅವನು ನನ್ನೆದುರೇ ಫೋನ್ ಮಾಡಿದ. ಮಿನ್ನೇರಿಯದಲ್ಲಿ ನೀರು ಹಾಗೆಯೇ ಇದೆ, ಕೌಡುಲ್ಲದಲ್ಲಿ ಬಯಲು ಬಿಟ್ಟಿದೆ ಅಂತ ಸುದ್ದಿ ಬಂತು. ಮಕ್ಕಳಿಗೆ ಮಿನ್ನೇರಿಯ ಅನ್ನುವ ಹೆಸರು ತಲೆಗೆ ಹತ್ತಿತ್ತು, ಸ್ವಲ್ಪ ಸಪ್ಪೆಯಾದರು. ಕೌಡುಲ್ಲ 2002ರಲ್ಲಿ ಉದ್ಯಾನವಾದದ್ದು, ಅದರ ಕೆರೆಯನ್ನೂ ಮಹಾಸೇನನೇ ಕಟ್ಟಿಸಿದ್ದು ಅಂತಾರೆ.

ಆಮೇಲೆ ಹೊತ್ತು. ಆ ಕಾಲದಲ್ಲಿ ಆನೆಗಳು ಬಿಸಿಲು ಇಳಿದ ಮೇಲೆ, ಮೂರು ಮೂರೂವರೆ ಆದ ಮೇಲೆ, ಮರದಿಂದ ಬಯಲಿಗೆ ಬರುತ್ತವೆ. ಜೀಪುಗಳೂ ಅದೇ ಹೊತ್ತಿಗೆ ಬರುತ್ತವೆ. ನಾವು ಎರಡೂವರೆಗೇ ಒಳಗೆ ಇರೋಣ, ಒಂದು ಜಾಗ ಹಿಡಿದು ಕೂರೋಣ ಅಂದೆ. ಆನೆ ಹುಡುಕಿಕೊಂಡು ಸುತ್ತುವುದು ಬೇಡ. ಚಾಲಕ ಒಪ್ಪಿದ. ಆದರೆ ಒಂದು ಗಂಟೆ ಏನೂ ಕಾಣದೆ ಇರಬಹುದು, ಆಗ ನನ್ನನ್ನು ಬೈಯಬಾರದು ಅಂತ ಮೊದಲೇ ಹೇಳಿದ.

ಟಿಪ್ಸ್ ಮಾತು ನಾನೇ ಎತ್ತಿದೆ. ಹತ್ತಿರ ಹೋದರೆ ಏನೂ ಇಲ್ಲ, ದೂರ ನಿಂತರೆ ಎಲ್ಲರೂ ಕೊಡುವ ಎರಡರಷ್ಟು ಅಂದೆ. ಎರಡು ಸಲ ಹೇಳಿಸಿಕೊಂಡ. ಆನೆ ತಾನಾಗಿ ಹತ್ತಿರ ಬಂದರೆ ಅಂತ ಕೇಳಿದ. ಬಂದರೆ ಅದರ ಇಷ್ಟ, ನಾವು ಅಲುಗಾಡುವುದಿಲ್ಲ ಅಂದೆ. ಕಾಡಿಗೂ ಹಿಂಡಿಗೂ ನಡುವೆ ನಿಲ್ಲಬಾರದು, ನೀರಿಗೂ ಹಿಂಡಿಗೂ ನಡುವೆಯೂ ನಿಲ್ಲಬಾರದು, ಬೇರೆ ಜೀಪುಗಳು ಮುತ್ತಿಕೊಂಡರೆ ನಾವೇ ಬಿಟ್ಟು ಹೊರಡೋಣ ಅಂತ ಮಾತು ಮುಗಿಯಿತು.

ಅಮ್ಮನ ಸೀಟು. ಇದು ಸಣ್ಣ ವಿಷಯ ಅಂತ ಕಾಣುತ್ತದೆ, ಅಲ್ಲ. ಹಿಂದಿನ ಚಕ್ರದ ಮೇಲಿನ ಸೀಟು ಎಗರುವಷ್ಟು ಬೇರೆ ಯಾವುದೂ ಎಗರುವುದಿಲ್ಲ. ಚಾಲಕನ ಬೆನ್ನಿಗೆ ಹತ್ತಿರದ, ಮೊದಲ ಸಾಲಿನ ಸೀಟು ವಾಸಿ. ಅಲ್ಲಿ ಎರಡು ದಿಂಬು ಹಾಕಿದೆವು, ಸೊಂಟದ ಹಿಂದೆ ಟವೆಲ್ ಸುತ್ತಿಟ್ಟೆವು. ಹತ್ತೋಕೆ ಕಬ್ಬಿಣದ ಮೆಟ್ಟಿಲು ಎತ್ತರ ಇತ್ತು, ಮನೆ ಮಾಲೀಕರು ಮರದ ಸ್ಟೂಲು ಕೊಟ್ಟರು. ಅದು ಜೀಪಿನಲ್ಲೇ ಬಂತು. ಒಳಗೆ ಹೋದ ಮೇಲೆ ಗಾಡಿ ಇಳಿಯುವ ಹಾಗಿಲ್ಲ, ಬಯಲಲ್ಲಿ ಶೌಚಾಲಯ ಇರುವುದಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಚಹಾ ಬಿಟ್ಟು, ಹೊರಡುವ ಮುಂಚೆ ಹೋಗಿ ಬಂದು, ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು ಅಂತ ಮಾಡಿಕೊಂಡೆವು. ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ. ಹಣ್ಣು ಒಯ್ಯಲಿಲ್ಲ, ಅದರ ವಾಸನೆ ಆನೆಗೆ ಬಹಳ ದೂರ ಹೋಗುತ್ತದೆ.

ಹಣದ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಗೇಟಿನಲ್ಲಿ ತಲೆಗೊಂದು ಟಿಕೆಟ್, ಗುಂಪಿಗೊಂದು ಸೇವಾ ಶುಲ್ಕ, ಗಾಡಿಗೆ ಬೇರೆ, ಅದರ ಮೇಲೆ ತೆರಿಗೆ. ಜೀಪಿನ ಬಾಡಿಗೆ ಇದಕ್ಕೆ ಸೇರುವುದಿಲ್ಲ. ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಉಳಿದ ವಿದೇಶಿಯರಿಗಿಂತ ಕಡಿಮೆ ದರ, ಅದಕ್ಕೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಶನಿವಾರ ಏಜೆಂಟ್ ನಮ್ಮ ಹತ್ತಿರ ಪೂರ್ತಿ ವಿದೇಶಿ ದರವನ್ನೇ ತೆಗೆದುಕೊಂಡಿದ್ದ, ಟಿಕೆಟ್ ಕೈಗೆ ಕೊಟ್ಟಿರಲಿಲ್ಲ. ಸೋಮವಾರ ನಾವೇ ಕೌಂಟರಿಗೆ ಹೋಗಿ ತೆಗೆದುಕೊಂಡೆವು. ಪೂರ್ತಿ ಜೀಪಿನ ಬಾಡಿಗೆಯನ್ನು ಆರು ಜನಕ್ಕೆ ಹಂಚಿದರೂ ಒಟ್ಟು ಖರ್ಚು ಶನಿವಾರಕ್ಕಿಂತ ಕಡಿಮೆಯೇ ಬಂತು. ಇಬ್ಬರೇ ಹೋದರೆ ಈ ಲೆಕ್ಕ ನಡೆಯುವುದಿಲ್ಲ. ನಾಲ್ಕು ಜನ ಆದರೆ ನಡೆಯುತ್ತದೆ.

ಸೋಮವಾರ ಸಂಜೆ

ಹಬರಣದಿಂದ ತ್ರಿಕೋನಮಲೆ ರಸ್ತೆ. ದಾರಿಯಲ್ಲಿ ಚಾಲಕ ರೈಲು ಹಳಿಯ ಕಡೆ ಕೈ ತೋರಿಸಿದ. ಈ ಸೀಮೆಯಲ್ಲೇ 2025ರ ಫೆಬ್ರವರಿಯಲ್ಲಿ ಪ್ಯಾಸೆಂಜರ್ ರೈಲು ಹಿಂಡಿಗೆ ಡಿಕ್ಕಿ ಹೊಡೆದು ಆರು ಆನೆ ಸತ್ತಿದ್ದವು. ಅಮ್ಮ ಆ ಹಳಿಯನ್ನು ತಿರುಗಿ ತಿರುಗಿ ನೋಡಿದರು.

ಎರಡು ಮುಕ್ಕಾಲಿಗೆ ಬಯಲಿಗೆ ಬಂದೆವು. ಒಂದು ಒಂಟಿ ಮರದ ನೆರಳಲ್ಲಿ ಜೀಪು ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಮುಂದೆ ಗಿಡ್ಡ ಹುಲ್ಲಿನ ಬಯಲು, ಆಚೆ ನೀರು, ಎಡಗಡೆ ದೂರದಲ್ಲಿ ಕಾಡಿನ ಅಂಚು. ಆನೆ ಒಂದೂ ಇಲ್ಲ.

ಮುಕ್ಕಾಲು ಗಂಟೆ ಹಾಗೇ ಹೋಯಿತು. ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು, ನೀರಲ್ಲಿ ಮಲಗಿದ ಎಮ್ಮೆಗಳು. ಚಿಕ್ಕವನು ಎಷ್ಟು ಹೊತ್ತು ಎಷ್ಟು ಹೊತ್ತು ಅಂತ ಕೇಳಿ ಕೇಳಿ ಅಕ್ಕನ ತೊಡೆ ಮೇಲೆ ನಿದ್ದೆ ಹೋದ. ಭಾವ ಗಡಿಯಾರ ನೋಡಿಕೊಂಡರು. ನನಗೂ ಒಳಗೊಳಗೇ ಭಯ. ಇವತ್ತೂ ಆಗದಿದ್ದರೆ?

ಮೊದಲು ನೋಡಿದ್ದು ಅಮ್ಮ. "ಅಲ್ಲಿ," ಅಂದರು, ಅಷ್ಟೇ. ಮರದ ನೆರಳಿನಿಂದ ಒಂದು ಹೆಣ್ಣಾನೆ ಹೊರಗೆ ಬಂದು ನಿಂತಿತ್ತು. ಸೊಂಡಿಲನ್ನು ನೆಲದ ಹತ್ತಿರವೇ ಅತ್ತ ಇತ್ತ ಆಡಿಸುತ್ತಾ ಎರಡು ಮೂರು ನಿಮಿಷ ಅಲ್ಲೇ ನಿಂತಿತು. ಆಮೇಲೆ ಮುಂದೆ ಹೆಜ್ಜೆ ಹಾಕಿತು. ಅದರ ಹಿಂದೆ ಒಂದು, ಇನ್ನೊಂದು, ನಡುವೆ ಮರಿ. ಹತ್ತು ನಿಮಿಷದಲ್ಲಿ ಆ ಅಂಚಿನಿಂದ ಸಾಲು ಹಿಡಿದು ಬರುತ್ತಲೇ ಇದ್ದವು. ಬಯಲಿಗೆ ಬಂದ ಮೇಲೆ ಹರಡಿಕೊಂಡವು. ನಾವು ಇದ್ದದ್ದನ್ನು ನೋಡಿದವು, ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅವು ಬರುವ ಮುಂಚೆಯೇ ನಾವು ಅಲ್ಲಿದ್ದೆವು, ಮರದ ಹಾಗೆ ಸುಮ್ಮನೆ ಇದ್ದೆವು.

ಅರವತ್ತು ಎಪ್ಪತ್ತು ಅಡಿ ದೂರಕ್ಕೆ ಒಂದು ತಾಯಿ ಮತ್ತು ಮರಿ ತಾವಾಗೇ ಬಂದವು. ಆನೆ ಹುಲ್ಲು ತಿನ್ನುವುದನ್ನು ಅಷ್ಟು ಸರಿಯಾಗಿ ನಾನು ಎಂದೂ ನೋಡಿರಲಿಲ್ಲ. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡಕ್ಕೆ ಒದೆಯುತ್ತದೆ. ಸಡಿಲವಾದದ್ದನ್ನು ಸೊಂಡಿಲಿನಿಂದ ಕೂಡಿಸಿ ಹಿಡಿ ಮಾಡುತ್ತದೆ. ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆ ಹಿಡಿಯನ್ನು ತನ್ನ ಕಾಲಿಗೆ ಪಟ್ ಪಟ್ ಅಂತ ಎರಡು ಸಲ ಬಡಿಯುತ್ತದೆ, ಮಣ್ಣು ಉದುರುತ್ತದೆ, ಆಮೇಲೆ ಬಾಯಿಗೆ. ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಬೇರಿನ ಮಣ್ಣು ಒದರುವ ಹಾಗೆ. ಮರಿಗೆ ಇದು ಬರುತ್ತಿರಲಿಲ್ಲ. ಕಾಲಿನಿಂದ ಒದ್ದಿತು, ಸೊಂಡಿಲಿಗೆ ನಾಲ್ಕು ಎಸಳು ಸಿಕ್ಕಿತು, ಅದೂ ಬಿದ್ದುಹೋಯಿತು. ಕೊನೆಗೆ ಸೊಂಡಿಲನ್ನು ತಾಯಿಯ ಬಾಯೊಳಗೇ ಹಾಕಿ ಅಲ್ಲಿದ್ದ ಹುಲ್ಲನ್ನು ಎಳೆದುಕೊಂಡಿತು. ತಾಯಿ ಸುಮ್ಮನಿತ್ತು. ಚಿಕ್ಕವನಿಗೆ ಎಚ್ಚರ ಆಗಿತ್ತು. ಬಾಯಿ ಬಿಟ್ಟು ನೋಡುತ್ತಿದ್ದ.

ಎಂಜಿನ್ ಇಲ್ಲದಿದ್ದರೆ ಎಷ್ಟು ಸದ್ದು ಕೇಳುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ಹುಲ್ಲು ಕೀಳುವ ಸರಕ್ ಸರಕ್. ಕಿವಿ ಮೈಗೆ ಬಡಿಯುವ ಸದ್ದು. ನಡುನಡುವೆ ದೂರದ ಗುಡುಗಿನ ಹಾಗೆ, ಹೊಟ್ಟೆಯೊಳಗಿಂದ ಬರುತ್ತಿದೆ ಅನ್ನಿಸುವ ಒಂದು ಗುರುಗುಡುವಿಕೆ. ಅಮ್ಮ ಅದನ್ನು ಕೇಳಿ ನನ್ನ ಕೈ ಹಿಡಿದುಕೊಂಡರು. "ಈ ಸದ್ದು ನಂಗೆ ಗೊತ್ತು," ಅಂದರು. "ಅಟ್ಟಣೆ ಕೆಳಗೆ ಇದೇ ಕೇಳ್ತಿತ್ತು ಅಂತ ಅಪ್ಪಯ್ಯ ಹೇಳೋರು. ನಮ್ಗೆ ಮನೇವರೆಗೂ ಕೇಳ್ತಿತ್ತು ಒಂದೊಂದ್ಸಲ. ಅವು ಮಾತಾಡ್ಕೊಳ್ಳೋದು ಇದು ಅಂತ ಆಗ ಗೊತ್ತೇ ಇರ್ಲಿಲ್ಲ."

ಹಿಂಡಿನಲ್ಲಿ ಒಂದಕ್ಕೂ ದಂತ ಇರಲಿಲ್ಲ. ಏಷ್ಯಾದ ಹೆಣ್ಣಾನೆಗೆ ಹೊರಗೆ ಕಾಣುವ ದಂತ ಇರುವುದಿಲ್ಲ, ಶ್ರೀಲಂಕಾದಲ್ಲಿ ಗಂಡಿನಲ್ಲೂ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ನಮ್ಮ ಕಡೆ ದಂತ ಇಲ್ಲದ ಗಂಡು ಅಪರೂಪ, ಅದಕ್ಕೆ ಮಖನಾ ಅಂತ ಬೇರೆ ಹೆಸರು. ಅವರ ಭಾಷೆಯಲ್ಲಿ ದಂತ ಇಲ್ಲದ್ದೇ ಸಾಮಾನ್ಯ, ಅದು ಅಲಿಯಾ. ದಂತ ಇರುವುದಕ್ಕೆ ಬೇರೆ ಹೆಸರು. ಸಲಗ ನೋಡುವ ಆಸೆ ಇದ್ದವರು ಇದನ್ನು ಮೊದಲೇ ತಿಳಿದುಕೊಂಡು ಹೋಗಬೇಕು. ಭಾವನಿಗೆ ಗೊತ್ತಿರಲಿಲ್ಲ, ಕೊನೆಯವರೆಗೂ ಹುಡುಕುತ್ತಿದ್ದರು.

ನಾಲ್ಕೂವರೆ ಹೊತ್ತಿಗೆ ಬೇರೆ ಜೀಪುಗಳು ಬಂದವು. ಏಳೆಂಟು. ಎರಡು ಜೀಪು ನಮ್ಮ ಮುಂದಿನಿಂದ ತಾಯಿ ಮರಿಯ ಕಡೆ ಹೋಗೋಕೆ ನೋಡಿದವು. ನಮ್ಮ ಚಾಲಕ ಇಳಿಯದೆ, ಕೂಗದೆ, ಕೈ ಎತ್ತಿ ಸಿಂಹಳದಲ್ಲಿ ಏನೋ ಹೇಳಿದ. ಒಂದು ನಮ್ಮ ಪಕ್ಕ ಬಂದು ನಿಂತು ಎಂಜಿನ್ ಆಫ್ ಮಾಡಿತು. ಇನ್ನೊಂದು ಮುಂದೆ ಹೋಯಿತು, ತಾಯಿ ಮರಿಯನ್ನು ಕರೆದುಕೊಂಡು ಹಿಂಡಿನ ಕಡೆ ಸರಿಯಿತು. ಅಷ್ಟರಲ್ಲಿ ನಾವು ಒಂದು ಗಂಟೆ ನೋಡಿಯಾಗಿತ್ತು. ಹೊರಡೋಣ ಅಂತ ಅಮ್ಮನೇ ಹೇಳಿದರು. "ಅವರೂ ನೋಡ್ಲಿ ಪಾಪ."

ಚಾಲಕ ಹಿಂತಿರುಗಿ ನೀವು ಇರುವ ಕಡೆಯೂ ಆನೆ ಇದೆಯಾ ಅಂತ ಕೇಳಿದ. ನಾನು ಉತ್ತರ ಹೇಳುವ ಮುಂಚೆ ಅಮ್ಮ ಕನ್ನಡದಲ್ಲೇ ಶುರು ಮಾಡಿದರು. ರಾಗಿ ಹೊಲ, ಅಟ್ಟಣೆ, ತಮಟೆ, ಎಲ್ಲವನ್ನೂ ಕೈಯಲ್ಲಿ ಮಾಡಿ ತೋರಿಸಿದರು. ಅವನಿಗೆ ಅರ್ಥವಾಯಿತು. ಅವರ ಊರಲ್ಲೂ ಭತ್ತದ ಗದ್ದೆಗೆ ಮರದ ಮೇಲೆ ಗುಡಿಸಲು ಕಟ್ಟಿ ಕಾಯುತ್ತಾರಂತೆ, ಪಟಾಕಿ ಹೊಡೆಯುತ್ತಾರಂತೆ. ಗೇಟಿನವರೆಗೂ ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಂಡು ಬಂದರು.

ಕೈತಪ್ಪಿದ್ದು, ಉಳಿದದ್ದು

ಎಲ್ಲವೂ ಸರಿಯಾಯಿತು ಅಂತ ಹೇಳಲಾರೆ. ಮಕ್ಕಳಿಗೆ ಆ ಮುಕ್ಕಾಲು ಗಂಟೆ ಕಷ್ಟವಾಯಿತು, ಒಂದು ದುರ್ಬೀನು ತಂದಿದ್ದರೆ ಹಕ್ಕಿ ನೋಡಿಕೊಂಡು ಇರುತ್ತಿದ್ದರು. ಧೂಳಿಗೆ ಅಕ್ಕನಿಗೆ ರಾತ್ರಿ ಕೆಮ್ಮು ಹಿಡಿಯಿತು. ಬಟ್ಟೆ ಕಟ್ಟಿಕೊಳ್ಳಿ ಅಂತ ಹೇಳುವುದನ್ನು ನಾನು ಮರೆತಿದ್ದೆ. ದಿಂಬು ಇದ್ದರೂ ಅಮ್ಮನಿಗೆ ಎರಡು ದಿನ ಸೊಂಟ ಹಿಡಿದಿತ್ತು. ಭಾವನ ಫೋನಿನ ಫೋಟೋಗಳಲ್ಲಿ ಆನೆಗಳು ಸಣ್ಣ ಸಣ್ಣ ಚುಕ್ಕೆ. ಶನಿವಾರದ ಫೋಟೋಗಳು ಅವಕ್ಕಿಂತ ಚೆನ್ನಾಗಿವೆ, ಆದರೆ ಮನೆಯಲ್ಲಿ ಯಾರೂ ಅವನ್ನು ತೆಗೆದು ನೋಡುವುದಿಲ್ಲ.

ಚಾಲಕನಿಗೆ ಹೇಳಿದಷ್ಟು ಕೊಟ್ಟೆವು. ಅವನು ಎಣಿಸದೆ ಜೇಬಿಗೆ ಇಟ್ಟುಕೊಂಡ. ಮನೆ ಮಾಲೀಕರ ಸ್ಟೂಲನ್ನು ತಾನೇ ಇಳಿಸಿಟ್ಟು, ಅಮ್ಮನ ಕೈ ಹಿಡಿದು ಇಳಿಸಿದ.

ಮೊನ್ನೆ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಡಿಸೆಂಬರ್‌ನಲ್ಲಿ ರಜೆ. ಆಗ ಎರಡೂ ಕೆರೆ ತುಂಬುತ್ತಿರುತ್ತವೆ, ಹಿಂಡುಗಳು ಒಡೆದು ಕಾಡಿಗೆ ಹೋಗಿರುತ್ತವೆ, ಹುರುಲು ಕಡೆ ವಿಚಾರಿಸು ಅಂದೆ. ಅಲ್ಲಿ ಹುಲ್ಲು ಎತ್ತರ, ಮಗುವನ್ನು ಎತ್ತರದ ಸೀಟಿನಲ್ಲಿ ಕೂರಿಸು ಅಂದೆ. ಆ ಚಾಲಕನ ನಂಬರ್ ಕೊಟ್ಟೆ. ಟಿಪ್ಸ್ ಮಾತನ್ನು ಜೀಪು ಹತ್ತುವ ಮುಂಚೆಯೇ ಆಡಿಬಿಡು ಅಂತ ಹೇಳುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು, ದಿಂಬು ಮರೀಬೇಡ ಕಣೇ ಅಂದರು.